ಹತ್ತು ದಿನದಲ್ಲಿ ನೆಟ್‌ವರ್ಕಿಂಗ್ ಸರ್ಟಿಫಿಕೇಟ್: ಸಂಘದ ಸಾಲ ಕೊಡುವ ಮೊದಲು



ಇತ್ತೀಚಿನ ದಿನಗಳಲ್ಲಿ ನಾವು ಸಭೆಗಳಿಗೆ ಬಂದಾಗ ಸಾಲದ ಬೇಡಿಕೆ ಪಟ್ಟಿಯಲ್ಲಿ ಒಂದು ಹೊಸ ವಿಷಯವನ್ನು ಕಾಣುತ್ತಿದ್ದೇವೆ. ಮೊದಲೆಲ್ಲ ಹಸು, ಹೊಲಿಗೆ ಯಂತ್ರ, ಮನೆಯ ಹಂಚು, ಆಸ್ಪತ್ರೆ ಖರ್ಚು, ಮಗಳ ಮದುವೆ ಇಷ್ಟೇ ಇರುತ್ತಿತ್ತು. ಈಗ ಅದರ ಜೊತೆಗೆ "ಮಗನ ನೆಟ್‌ವರ್ಕಿಂಗ್ ಕೋರ್ಸ್", "ಮಗಳ ಸಿಸಿಎನ್ಎ ಬೂಟ್ ಕ್ಯಾಂಪ್" ಅಂತ ಬರೆದಿರುತ್ತದೆ. ಮೊತ್ತ ಮಾತ್ರ ಸಣ್ಣದಲ್ಲ. ಐವತ್ತು, ಅರವತ್ತು ಸಾವಿರ. ಇದು ಏನು, ಇದರಿಂದ ಕೆಲಸ ಸಿಗ್ತದಾ, ಹತ್ತು ದಿನದಲ್ಲಿ ಕಲಿಯಲಿಕ್ಕೆ ಆಗ್ತದಾ ಎಂದು ಸದಸ್ಯೆಯರು ಕೇಳುತ್ತಾರೆ. ಸಾಲ ಮಂಜೂರು ಮಾಡುವ ಕೈ ನಿಮ್ಮದು. ಆದ್ದರಿಂದ ಈ ವಿಷಯ ತಿಳಿದುಕೊಳ್ಳುವುದು ಒಳ್ಳೆಯದೆಂದು ಈ ಲೇಖನ ಬರೆಯುತ್ತಿದ್ದೇವೆ.

ನೆಟ್‌ವರ್ಕಿಂಗ್ ಎಂದರೆ

ಸಂಘದ ಹಣ ಕಟ್ಟಲು ಬ್ಯಾಂಕಿಗೆ ಹೋದಾಗ "ಇವತ್ತು ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ" ಅಂತ ವಾಪಸ್ ಕಳುಹಿಸಿದ ಅನುಭವ ನಿಮಗೆಲ್ಲರಿಗೂ ಉಂಟು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ಯಂತ್ರ ಒಪ್ಪದೆ ನಿಂತದ್ದೂ ಉಂಟು. ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಲು ಬೇಕಾದ ಆ ದಾರಿಗೇ ನೆಟ್‌ವರ್ಕ್ ಎನ್ನುತ್ತಾರೆ. ದಾರಿ ಹಾಕುವುದು, ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು, ಕಳ್ಳರು ನುಗ್ಗದಂತೆ ನೋಡುವುದು ನೆಟ್‌ವರ್ಕಿಂಗ್ ಕೆಲಸ. ಸ್ವಿಚ್ ಎಂಬ ಪೆಟ್ಟಿಗೆ ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಸೇರಿಸುತ್ತದೆ. ರೂಟರ್ ಎಂಬ ಪೆಟ್ಟಿಗೆ ಬಸ್ ನಿಲ್ದಾಣದ ಕಂಟ್ರೋಲರ್ ಇದ್ದ ಹಾಗೆ, ಯಾವ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂದು ಅದು ತೀರ್ಮಾನಿಸುತ್ತದೆ.

ಈ ಪೆಟ್ಟಿಗೆಗಳನ್ನು ತಯಾರಿಸುವ ಒಂದು ದೊಡ್ಡ ಅಮೆರಿಕನ್ ಕಂಪನಿಯ ಹೆಸರು ಸಿಸ್ಕೊ. ತನ್ನ ಪೆಟ್ಟಿಗೆಗಳನ್ನು ನಡೆಸಬಲ್ಲವರು ಯಾರು ಎಂದು ಗುರುತಿಸಲು ಅದು ಪರೀಕ್ಷೆಗಳನ್ನು ಇಟ್ಟಿದೆ. 1993ರಲ್ಲಿ ಬಂದದ್ದು ಸಿಸಿಐಇ ಎಂಬ ಅತ್ಯಂತ ಕಠಿಣ ಪರೀಕ್ಷೆ. ಅದರ ಪ್ರಾಯೋಗಿಕ ಭಾಗವೇ 8 ಗಂಟೆ. 1998ರಲ್ಲಿ ಕೆಳಗಿನ ಮೆಟ್ಟಿಲಾಗಿ ಸಿಸಿಎನ್ಎ ಬಂತು. ನಮ್ಮ ಮಕ್ಕಳು ಹೇಳುವುದು ಹೆಚ್ಚಾಗಿ ಇದನ್ನೇ. ಕಾಂಪ್‌ಟಿಯಾ ಎಂಬ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಎಂಬ ಪರೀಕ್ಷೆಯೂ ಉಂಟು. ಅದು 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಬರೆಯುವವರಿಗೆ 9ರಿಂದ 12 ತಿಂಗಳ ಕೆಲಸದ ಅನುಭವ ಇದ್ದರೆ ಒಳ್ಳೆಯದು ಎಂದು ಆ ಸಂಸ್ಥೆಯೇ ಹೇಳುತ್ತದೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಸಿಸಿಎನ್ಎ 2020ರ ಫೆಬ್ರವರಿಯಿಂದ ಒಂದೇ ಪರೀಕ್ಷೆಯಾಗಿದೆ. ಅದರ ಸಂಖ್ಯೆ 200-301, ಸಮಯ 2 ಗಂಟೆ, ಶುಲ್ಕ 300 ಡಾಲರ್. ಇಂತಿಷ್ಟು ಓದಿರಬೇಕು ಎಂಬ ನಿಬಂಧನೆ ಇಲ್ಲ, ಪಿಯುಸಿ ಆದವರೂ ಬರೆಯಬಹುದು. ಪಾಸಾದರೆ 3 ವರ್ಷ ಮಾತ್ರ ಬಾಳಿಕೆ. ಆಮೇಲೆ ಮತ್ತೆ ಪರೀಕ್ಷೆ ಬರೆದೋ, ಹೆಚ್ಚಿನ ಕೋರ್ಸು ಮಾಡಿಯೋ ನವೀಕರಿಸಬೇಕು. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹಾಗೆ ಜೀವಮಾನ ಪೂರ್ತಿ ಪೆಟ್ಟಿಗೆಯಲ್ಲಿಟ್ಟು ಉಪಯೋಗಿಸುವ ಕಾಗದ ಇದಲ್ಲ.

ಇಲ್ಲಿ ಅನೇಕ ತಾಯಂದಿರು ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ತರಬೇತಿ ಸಂಸ್ಥೆಯವರು ಕೋರ್ಸು ಮುಗಿದಾಗ ಬಂಗಾರದ ಅಂಚಿನ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ "ಸಿಸಿಎನ್ಎ ತರಬೇತಿ ಪೂರ್ಣಗೊಳಿಸಿದ್ದಾರೆ" ಅಂತ ಇರುತ್ತದೆ. ಅದು ಸಿಸಿಎನ್ಎ ಅಲ್ಲ. ತರಗತಿಗೆ ಬಂದಿದ್ದರು ಎಂಬುದಕ್ಕೆ ರಶೀದಿ, ಅಷ್ಟೇ. ನಿಜವಾದ ಪರೀಕ್ಷೆಯನ್ನು ಪಿಯರ್ಸನ್ ವ್ಯೂ ಎಂಬ ಬೇರೆಯೇ ಸಂಸ್ಥೆ ನಡೆಸುತ್ತದೆ, ಅದರ ಶುಲ್ಕ ಬೇರೆ. ಪಾಸಾದವರ ಹೆಸರು ನಿಜವೋ ಸುಳ್ಳೋ ಎಂದು ಕೆಲಸ ಕೊಡುವವರು ಕಂಪ್ಯೂಟರಿನಲ್ಲೇ ಪರೀಕ್ಷಿಸಿ ನೋಡಬಹುದು.

ಬೂಟ್ ಕ್ಯಾಂಪ್ ಎಲ್ಲಿಂದ ಬಂತು

ಸೈನ್ಯಕ್ಕೆ ಹೊಸದಾಗಿ ಸೇರಿದವರನ್ನು ಕೆಲವು ವಾರ ಹಗಲು ರಾತ್ರಿ ಪಳಗಿಸುವ ಶಿಬಿರಕ್ಕೆ ಅಮೆರಿಕದಲ್ಲಿ ಬೂಟ್ ಕ್ಯಾಂಪ್ ಎನ್ನುತ್ತಾರೆ. 1990ರ ದಶಕದಲ್ಲಿ ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಜನ ಸಾಲದೆ ಹೋದಾಗ ಮೈಕ್ರೋಸಾಫ್ಟ್ ಕಂಪನಿಯ ಎಂಸಿಎಸ್ಇ ಪರೀಕ್ಷೆಗಳಿಗೆ ಎರಡು ವಾರದಲ್ಲಿ ತಯಾರು ಮಾಡುತ್ತೇವೆ ಎಂದು ಹಲವು ಸಂಸ್ಥೆಗಳು ಹುಟ್ಟಿಕೊಂಡವು. ಬೆಳಿಗ್ಗೆಯಿಂದ ರಾತ್ರಿವರೆಗೆ ಪಾಠ, ಅಲ್ಲೇ ಊಟ, ಕೊನೆಗೆ ಪರೀಕ್ಷೆ. ತುಂಬ ಮಂದಿ ಪಾಸಾದರು. ಆದರೆ ಕೆಲಸಕ್ಕೆ ಸೇರಿದ ಮೇಲೆ ಕೆಲವರಿಗೆ ಸಣ್ಣ ದೋಷವನ್ನೂ ಸರಿಮಾಡಲು ಬರಲಿಲ್ಲ. ಅಂಥವರಿಗೆ ಅಲ್ಲಿನವರು "ಪೇಪರ್ ಎಂಸಿಎಸ್ಇ" ಎಂದು ಹೆಸರಿಟ್ಟರು. ಕಾಗದದ ಮೇಲೆ ಮಾತ್ರ ಇಂಜಿನಿಯರ್ ಎಂದು ಅರ್ಥ. ಇದರಿಂದ ಕಷ್ಟಪಟ್ಟು ಕಲಿತವರ ಸರ್ಟಿಫಿಕೇಟಿನ ಬೆಲೆಯೂ ಇಳಿಯಿತು. ಈಗ ಸಂದರ್ಶನದಲ್ಲಿ ಸರ್ಟಿಫಿಕೇಟು ತೋರಿಸಿದ ಮೇಲೂ "ಇದನ್ನು ಮಾಡಿ ತೋರಿಸು" ಎಂದು ಕೇಳುವುದರ ಹಿಂದೆ ಈ ಕಥೆಯೂ ಇದೆ.

ನಮ್ಮಲ್ಲಿ ಬೆಂಗಳೂರಿನಲ್ಲಿ ಇಂಥ ತರಬೇತಿ ನಡೆಸುವವರು ಅನೇಕರಿದ್ದಾರೆ. ಐದು ದಿನ, ಹತ್ತು ದಿನ, ಒಂದು ತಿಂಗಳು ಹೀಗೆ. ಎಲ್ಲರೂ ಮೋಸಗಾರರು ಎಂದು ನಾವು ಹೇಳುವುದಿಲ್ಲ, ಒಳ್ಳೆಯ ಶಿಕ್ಷಕರೂ ಇದ್ದಾರೆ. ನಾವು ಕೇಳುವ ಪ್ರಶ್ನೆ, ಅದು ಯಾರಿಗೆ ಉಪಯೋಗ ಎಂಬುದು.

ಒಂದು ಲೆಕ್ಕ ಮಾಡಿ ನೋಡೋಣ

ಪರೀಕ್ಷೆಯ ವಿಷಯಗಳನ್ನು ಸಿಸ್ಕೊ ಆರು ಭಾಗ ಮಾಡಿದೆ. ಮೂಲ ಪಾಠ 20 ಶೇಕಡಾ, ಕಟ್ಟಡದೊಳಗಿನ ಜೋಡಣೆ 20, ದೂರದ ಊರಿಗೆ ದಾರಿ ತೋರಿಸುವುದು 25, ಇತರ ಸೇವೆಗಳು 10, ಭದ್ರತೆ 15, ಪ್ರೋಗ್ರಾಂ ಬರೆದು ಯಂತ್ರದಿಂದಲೇ ಕೆಲಸ ಮಾಡಿಸುವುದು 10. ಸಿಸ್ಕೊ ತನ್ನ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಇದೇ ಪಾಠವನ್ನು ಮೂರು ಭಾಗವಾಗಿ ಕಲಿಸುತ್ತದೆ. ಒಂದೊಂದಕ್ಕೂ ಸುಮಾರು 70 ಗಂಟೆ ಬೇಕೆಂದು ಇಟ್ಟಿದ್ದಾರೆ. ಮೂರೂ ಸೇರಿ 210 ಗಂಟೆ. ಹತ್ತು ದಿನದ ಶಿಬಿರದಲ್ಲಿ ದಿನಕ್ಕೆ 8 ಗಂಟೆ ಕೂತರೆ 80 ಗಂಟೆ ಆಯಿತು. ಉಳಿದ 130 ಗಂಟೆ ಎಲ್ಲಿ ಹೋಯಿತು?

ಮೊದಲೇ ಕಲಿತವರಿಗೆ ಆ 130 ಗಂಟೆ ಅವರ ತಲೆಯಲ್ಲಿ ಇರುತ್ತದೆ. ಹೊಸಬರಿಗೆ ಎಲ್ಲಿಯೂ ಇರುವುದಿಲ್ಲ.

ಯಾಕೆ ಅಷ್ಟು ಸಮಯ ಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಪ್ರತಿ ಕಂಪ್ಯೂಟರಿಗೂ ಮನೆ ನಂಬರಿನ ಹಾಗೆ ಒಂದು ವಿಳಾಸ ಇರುತ್ತದೆ. 256 ನಂಬರುಗಳ ಒಂದು ಬೀದಿ ಇದೆ ಎಂದು ತಿಳಿಯಿರಿ. ಅದನ್ನು ಸಮನಾಗಿ ನಾಲ್ಕು ವಾರ್ಡು ಮಾಡಬೇಕು. ಒಂದೊಂದರಲ್ಲಿ 64 ನಂಬರು ಬಂತು. ಆದರೆ ಪ್ರತಿ ವಾರ್ಡಿನ ಮೊದಲ ನಂಬರು ಆ ವಾರ್ಡಿನ ಹೆಸರಿಗೇ ಮೀಸಲು. ಕೊನೆಯ ನಂಬರು ವಾರ್ಡಿನ ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳಲು ಮೀಸಲು. ಹಾಗಾಗಿ ವಾಸಕ್ಕೆ ಕೊಡಬಹುದಾದದ್ದು 62 ಮಾತ್ರ. ನಂಬರು 0ಯಿಂದ ಶುರುವಾಗುವುದರಿಂದ ಮೊದಲ ವಾರ್ಡು 0ಯಿಂದ 63, ಎರಡನೆಯದು 64ರಿಂದ 127. ಸರಿ, 130ನೇ ನಂಬರಿನ ಮನೆ ಯಾವ ವಾರ್ಡಿನಲ್ಲಿ? ಮೂರನೆಯದರಲ್ಲಿ. 127ನೇ ನಂಬರನ್ನು ಒಂದು ಕಂಪ್ಯೂಟರಿಗೆ ಕೊಡಬಹುದಾ? ಕೊಡಬಾರದು, ಅದು ಕೂಗುವ ನಂಬರು. ನೋಡಿ, ಲೆಕ್ಕ ನಿಮಗೂ ಅರ್ಥವಾಯಿತು, ಬಡ್ಡಿ ಲೆಕ್ಕ ಮಾಡುವವರಿಗೆ ಇದು ದೊಡ್ಡ ವಿಷಯ ಅಲ್ಲ. ಆದರೆ ಪರೀಕ್ಷೆಯಲ್ಲಿ ಇಂಥದ್ದನ್ನು ಕಾಗದ ಪೆನ್ನು ಹುಡುಕುವ ಮೊದಲೇ ಮನಸ್ಸಿನಲ್ಲಿ ಮಾಡಿ ಮುಗಿಸಬೇಕು. ಹಿಂದಿನ ಪ್ರಶ್ನೆಗೆ ಮತ್ತೆ ಹೋಗಲು ಬಿಡುವುದಿಲ್ಲ. ಅರ್ಥವಾಗುವುದಕ್ಕೆ ಹತ್ತು ನಿಮಿಷ ಸಾಕು, ಕೈಗೆ ಬರುವುದಕ್ಕೆ ವಾರಗಳು ಬೇಕು.

1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಅಳೆದು ಪುಸ್ತಕ ಬರೆದರು. ಸಮಾಜಕಾರ್ಯ ಓದುವಾಗ ಮನಃಶಾಸ್ತ್ರದ ಪಾಠದಲ್ಲಿ ನಮಗೂ ಇದು ಇತ್ತು. ಒಂದೇ ದಿನ ಒಟ್ಟಿಗೆ ಕೂತು ಓದಿದ್ದಕ್ಕಿಂತ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಓದಿದ್ದು ಹೆಚ್ಚು ಕಾಲ ನಿಲ್ಲುತ್ತದೆ ಎಂದು ಅವರು ಕಂಡುಕೊಂಡರು. ಹತ್ತು ದಿನದಲ್ಲಿ ತುರುಕಿದ್ದು ಹನ್ನೊಂದನೆಯ ದಿನ ಪರೀಕ್ಷೆ ಬರೆದರೆ ಉಪಯೋಗಕ್ಕೆ ಬರಬಹುದು. ಮೂರು ತಿಂಗಳ ನಂತರ ಸಂದರ್ಶನ ಬಂದಾಗ?

ಯಾರಿಗೆ ಪ್ರಯೋಜನ

ಹೊಲಿಗೆ ತರಬೇತಿ ಪಡೆದವರಿಗೆ ಇದು ಸುಲಭವಾಗಿ ಅರ್ಥವಾಗ್ತದೆ. ಐದು ವರ್ಷ ರವಿಕೆ ಹೊಲಿದವಳಿಗೆ ಚೂಡಿದಾರದ ಹೊಸ ಕಟಿಂಗ್ ಎರಡು ದಿನದಲ್ಲಿ ಹೇಳಿಕೊಡಬಹುದು. ಮೆಷಿನ್ ಪೆಡಲ್ ತುಳಿಯದವಳಿಗೆ ಅದೇ ಎರಡು ದಿನದಲ್ಲಿ ನೂಲು ಪೋಣಿಸುವುದೇ ಆಗುತ್ತದೆ. ಬೂಟ್ ಕ್ಯಾಂಪ್ ಕೂಡ ಹೊಲಿಗೆ ಬಲ್ಲವರಿಗೆ ಇರುವ ಎರಡು ದಿನದ ಪಾಠ.

ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಎರಡು ಮೂರು ವರ್ಷ ಕೇಬಲ್ ಎಳೆದು ರೂಟರ್ ಕೂರಿಸುವ ಹುಡುಗ, ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಿ ನೆಟ್‌ವರ್ಕ್ ವಿಷಯ ಓದಿರುವ ಹುಡುಗಿ, ಆಗಲೇ ಕಂಪನಿಯಲ್ಲಿದ್ದು ಬಡ್ತಿಗೆ ಈ ಪರೀಕ್ಷೆ ಬೇಕಾದವರು, ಇವರಿಗೆ ಶಿಬಿರ ನಿಜವಾಗಿ ಸಹಾಯ ಮಾಡುತ್ತದೆ. ಚದುರಿದ್ದನ್ನು ಒಟ್ಟುಗೂಡಿಸುತ್ತದೆ, ಪರೀಕ್ಷೆಗೆ ಒಂದು ದಿನಾಂಕ ನಿಶ್ಚಯವಾಗುತ್ತದೆ, ಸಂಶಯ ಕೇಳಲು ಎದುರಿಗೆ ಒಬ್ಬರು ಇರುತ್ತಾರೆ. ಕಂಪನಿಯೇ ಹಣ ಕೊಟ್ಟು ಕಳುಹಿಸುವುದಾದರೆ ಯೋಚಿಸಬೇಕಾದ್ದೇ ಇಲ್ಲ, ಹೋಗಲಿ.

ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿ, ಮೊಬೈಲ್ ಬಿಟ್ಟರೆ ಕಂಪ್ಯೂಟರ್ ಮುಟ್ಟದ ಮಗಳಿಗೆ ಹತ್ತು ದಿನದ ಶಿಬಿರಕ್ಕಾಗಿ ಸಾಲ ಮಾಡುವುದು ನಮ್ಮ ಅಭಿಪ್ರಾಯದಲ್ಲಿ ಬೇಡ. ಮಗಳು ದಡ್ಡಿ ಎಂದು ಅಲ್ಲ. ಅವಳಿಗೆ ಬೇಕಾದದ್ದು ಸಮಯ, ಅಲ್ಲಿ ಮಾರುವುದು ಅವಸರ. ಇನ್ನೊಂದು ಮಾತೂ ಇದೆ. ಸಿಸಿಎನ್ಎ ಪರೀಕ್ಷೆ ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲಿ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪ್ರಶ್ನೆಯನ್ನು ಓದಿ ತಿಳಿಯುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಅವಸರದ ತರಗತಿಯಲ್ಲಿ ಕೈ ಎತ್ತಿ "ಅರ್ಥ ಆಗಲಿಲ್ಲ ಸರ್" ಎನ್ನಲು ಇವರು ನಾಚುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿ ಬರುತ್ತಾರೆ.

ಆದರೆ ಶಿಬಿರದ ಪರವಾಗಿ ಒಂದು ಮಾತು ಹೇಳಲೇಬೇಕು, ಅದು ನಮ್ಮ ಮನೆಗಳಿಗೆ ಸಂಬಂಧಿಸಿದ್ದು. "ಮನೆಯಲ್ಲೇ ಓದಬಹುದಲ್ಲ, ಯಾಕೆ ಹಣ ಕಟ್ಟಬೇಕು?" ಎಂದು ಕೇಳಿದರೆ ಹುಡುಗಿಯರು ಕೊಡುವ ಉತ್ತರ ನಾವು ಕೇಳಿದ್ದೇವೆ. ಪುಸ್ತಕ ಹಿಡಿದ ಹತ್ತು ನಿಮಿಷಕ್ಕೆ ನೀರು ತರಬೇಕು, ಪಾತ್ರೆ ತೊಳೆಯಬೇಕು, ತಮ್ಮನಿಗೆ ಊಟ ಬಡಿಸಬೇಕು, ಬಂದವರಿಗೆ ಚಹಾ ಮಾಡಬೇಕು. ತಮ್ಮನಿಗೆ ಈ ತೊಂದರೆ ಇಲ್ಲ. ಶಿಬಿರಕ್ಕೆ ಹೋದರೆ ಹತ್ತು ದಿನ ಯಾರೂ ಕರೆಯುವುದಿಲ್ಲ. ಆ ಅರವತ್ತು ಸಾವಿರದಲ್ಲಿ ಒಂದು ಪಾಲು ಈ ನೆಮ್ಮದಿಗೆ ಕೊಡುವ ಬೆಲೆ. ಇದನ್ನು ತಾಯಿಯೇ ಉಚಿತವಾಗಿ ಕೊಡಬಹುದು. ದಿನಕ್ಕೆ 2 ಗಂಟೆ ಮಗಳನ್ನು ಯಾರೂ ಏಳಿಸುವುದಿಲ್ಲ ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದರೆ 105 ದಿನದಲ್ಲಿ 210 ಗಂಟೆ ಆಗುತ್ತದೆ. ಮೂರೂವರೆ ತಿಂಗಳು.

ಹಣದ ವಿಷಯ

ಶಿಬಿರದ ಶುಲ್ಕ 60,000 ಎಂದು ಇಟ್ಟುಕೊಳ್ಳೋಣ. ಸಂಘದಲ್ಲಿ ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿಯಲ್ಲಿ ಸಾಲ ತೆಗೆದು, ತಿಂಗಳಿಗೆ 2,500ರಂತೆ 24 ತಿಂಗಳಲ್ಲಿ ಅಸಲು ಕಟ್ಟಿದರೆ ಬಡ್ಡಿ ಒಟ್ಟು 7,500. ಮೊದಲ ತಿಂಗಳ ಕಂತು 3,100. ಇದು ನಿಮಗೆ ಗೊತ್ತಿರುವ ಲೆಕ್ಕ. ಪರೀಕ್ಷೆಯ 300 ಡಾಲರ್ ಇದರಲ್ಲಿ ಸೇರಿರುವುದಿಲ್ಲ. ಡಾಲರಿಗೆ 85 ರೂಪಾಯಿಯೆಂದು ಹಿಡಿದರೂ 25,500 ಆಯಿತು. ಅದರ ಮೇಲೆ 18 ಶೇಕಡಾ ಜಿಎಸ್‌ಟಿ 4,590 ಸೇರಿದರೆ 30,090. ಎಲ್ಲ ಕೂಡಿಸಿದರೆ 97,590. ಬೆಂಗಳೂರಿನ ಪಿಜಿ, ಊಟ, ಬಸ್ಸಿನ ಖರ್ಚು ಬೇರೆ. ಫೇಲಾದರೆ ಐದು ದಿನ ಕಳೆದು ಮತ್ತೆ ಬರೆಯಬಹುದು, ಆದರೆ ಶುಲ್ಕ ಪೂರ್ತಿ ಮತ್ತೆ ಕಟ್ಟಬೇಕು.

ಕೋಚಿಂಗ್ ಶುಲ್ಕದ ಮೇಲೂ 18 ಶೇಕಡಾ ತೆರಿಗೆ ಉಂಟು. ಜಾಹೀರಾತಿನಲ್ಲಿರುವ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಕೇಳಬೇಕು. 60,000ಕ್ಕೆ ಅದು 10,800 ರೂಪಾಯಿ. ಒಂದು ಆಡಿನ ಬೆಲೆ.

"ಪಾಸ್ ಗ್ಯಾರಂಟಿ" ಎಂದು ಬರೆದಿರುತ್ತಾರೆ. ಇದರ ಅರ್ಥ ಕೇಳಿ ನೋಡಿ. ಹೆಚ್ಚಾಗಿ, ಫೇಲಾದರೆ ಮುಂದಿನ ಬ್ಯಾಚಿನಲ್ಲಿ ಉಚಿತವಾಗಿ ಕೂರಬಹುದು ಎಂಬುದೇ ಆ ಗ್ಯಾರಂಟಿ. ಪರೀಕ್ಷೆ ಶುಲ್ಕವನ್ನು ಅವರು ಕೊಡುತ್ತಾರಾ, ಎಷ್ಟು ಸಲ ಕೊಡುತ್ತಾರೆ, ಬರವಣಿಗೆಯಲ್ಲಿ ಕೊಡುತ್ತಾರಾ ಎಂದು ಕೇಳಿದರೆ ಉತ್ತರ ಮೆತ್ತಗಾಗುತ್ತದೆ. "ನೂರಕ್ಕೆ ನೂರು ಕೆಲಸ" ಎಂಬ ಮಾತೂ ಹಾಗೆಯೇ. ಯಾವ ಕಂಪನಿ, ಯಾವ ಕೆಲಸ, ಎಷ್ಟು ಸಂಬಳ ಎಂದು ಕೇಳಬೇಕು. ಕೋಚಿಂಗ್ ಸಂಸ್ಥೆಗಳ ದಾರಿ ತಪ್ಪಿಸುವ ಜಾಹೀರಾತು ತಡೆಯಲು 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಶುಲ್ಕ, ಅವಧಿ, ಹಣ ವಾಪಸಾತಿ, ಪಾಸಾದವರ ಸಂಖ್ಯೆ, ಕೆಲಸದ ಭರವಸೆ ಇವುಗಳ ಬಗ್ಗೆ ಸುಳ್ಳು ಹೇಳಬಾರದು ಎಂದು ಅದರಲ್ಲಿದೆ. ಮೋಸವಾದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲೂ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಅದಕ್ಕೆ ರಶೀದಿ ಬೇಕು, ಬಾಯಿಮಾತು ಸಾಲದು.

ಇದಕ್ಕಿಂತಲೂ ಅಪಾಯದ ವಿಷಯ "ಸುಲಭ ಕಂತು". ಆಫೀಸಿನಲ್ಲಿ ಕೂರಿಸಿ, ಆಧಾರ್ ಪಾನ್ ತೆಗೆದುಕೊಂಡು, ಮೊಬೈಲಿಗೆ ಬಂದ ಒಟಿಪಿ ಕೇಳುತ್ತಾರೆ. ಸಂಸ್ಥೆಗೆ ಕಂತಿನಲ್ಲಿ ಶುಲ್ಕ ಕಟ್ಟುತ್ತಿದ್ದೇವೆ ಎಂದು ತಾಯಿ ಮಗಳು ತಿಳಿದಿರುತ್ತಾರೆ. ನಿಜವಾಗಿ ಅದು ಒಂದು ಫೈನಾನ್ಸ್ ಕಂಪನಿಯ ಸಾಲ. ಸಂಸ್ಥೆಗೆ ಹಣ ಅಂದೇ ಸಂದಾಯವಾಗುತ್ತದೆ. ಮೂರನೇ ದಿನ ತರಗತಿ ಬಿಟ್ಟು ಬಂದರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ಮಗಳ ಹೆಸರು ಸಿಬಿಲ್‌ನಲ್ಲಿ ಕೆಡುತ್ತದೆ. ಮುಂದೆ ಅವಳಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವವರು ಬಡ್ಡಿ, ಶುಲ್ಕ, ಕಂತು ಎಲ್ಲ ಬರೆದ ಒಂದು ಮುಖ್ಯಾಂಶ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಆ ಹಾಳೆ ಓದದೆ ಒಟಿಪಿ ಹೇಳಬೇಡಿ.

ಕದ್ದ ಪ್ರಶ್ನೆಗಳು

ಕೆಲವು ಕಡೆ ಪಾಠಕ್ಕಿಂತ "ಡಂಪ್" ಹೆಚ್ಚು. ಪರೀಕ್ಷೆ ಬರೆದು ಬಂದವರು ನೆನಪಿಟ್ಟು ಬರೆದುಕೊಟ್ಟ ಪ್ರಶ್ನೆ ಉತ್ತರಗಳ ಕಟ್ಟು ಅದು. ಬಾಯಿಪಾಠ ಮಾಡಿ ಹೋದರೆ ಸಾಕು ಅಂತಾರೆ. ಸಿಸ್ಕೊ ಪರೀಕ್ಷೆಗೆ ಮೊದಲು ಪ್ರಶ್ನೆಗಳನ್ನು ಗುಟ್ಟಾಗಿಡುತ್ತೇನೆ ಎಂಬ ಒಪ್ಪಂದಕ್ಕೆ ಒಪ್ಪಬೇಕು. ಇಂಥದ್ದನ್ನು ಉಪಯೋಗಿಸಿದ್ದು ಗೊತ್ತಾದರೆ ಸರ್ಟಿಫಿಕೇಟ್ ರದ್ದು ಮಾಡುವ, ಮುಂದೆ ಪರೀಕ್ಷೆಗೇ ಕೂರದಂತೆ ಮಾಡುವ ಅಧಿಕಾರ ಕಂಪನಿಗೆ ಇದೆ. ಡಂಪ್ ಕೊಡುತ್ತೇವೆ ಎಂದು ಹೆಮ್ಮೆಯಿಂದ ಹೇಳುವ ಸಂಸ್ಥೆಗೆ ಸಂಘದ ಹಣ ಹೋಗಕೂಡದು. ನಕಲು ಮಾಡಿ ಪಾಸಾದ ಹುಡುಗನ ಕೈಯಲ್ಲಿ ಆಸ್ಪತ್ರೆಯ ನೆಟ್‌ವರ್ಕ್ ಸಿಕ್ಕಿದರೆ ಏನಾಗಬಹುದು, ಯೋಚಿಸಿ.

ಕಡಿಮೆ ಖರ್ಚಿನ ದಾರಿ

ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿ 1997ರಲ್ಲಿ ಶುರುವಾಯಿತು. ಅದರ ಆರಂಭದ ಪಾಠಗಳು ಇಂಟರ್‌ನೆಟ್‌ನಲ್ಲಿ ಉಚಿತ, ಹೆಸರು ನೋಂದಾಯಿಸಿದರೆ ಸಾಕು. ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರ್ ಕೂಡ ಉಚಿತವಾಗಿ ಕೊಡುತ್ತಾರೆ. ಇದರಲ್ಲಿ ರೂಟರ್, ಸ್ವಿಚ್, ಕೇಬಲ್ ಎಲ್ಲ ಪರದೆಯ ಮೇಲೆ ಚಿತ್ರವಾಗಿ ಬರುತ್ತದೆ. ಜೋಡಿಸಬಹುದು, ಕೆಡಿಸಬಹುದು, ಸರಿಮಾಡಬಹುದು. ಲಕ್ಷ ರೂಪಾಯಿಯ ಯಂತ್ರ ಸುಟ್ಟುಹೋಯಿತು ಎಂಬ ಹೆದರಿಕೆ ಇಲ್ಲ. ಇದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಬೇಕು, ಮೊಬೈಲ್ ಸಾಲದು. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ನಮ್ಮ ರಾಜ್ಯದ ಕೆಲವು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಅಕಾಡೆಮಿ ನಡೆಯುತ್ತದೆ. ಅಲ್ಲಿ ಮೂರನೆಯ ಭಾಗವನ್ನು ಒಳ್ಳೆಯ ಅಂಕದಲ್ಲಿ ಮುಗಿಸಿದವರಿಗೆ ಪರೀಕ್ಷೆ ಶುಲ್ಕದಲ್ಲಿ ರಿಯಾಯಿತಿ ಸಿಗುವ ವ್ಯವಸ್ಥೆಯೂ ಇದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ವಯಂ ಎಂಬ ತಾಣದಲ್ಲಿ ಐಐಟಿ ಪ್ರಾಧ್ಯಾಪಕರು ಮಾಡಿದ ಪಾಠಗಳಿವೆ, ನೋಡಲು ಹಣ ಇಲ್ಲ. ಆದರೆ ಅವು ಇಂಗ್ಲಿಷಿನಲ್ಲಿ, ಸ್ವಲ್ಪ ಕಷ್ಟದವು.

ಕೈಕೆಲಸ ಇಷ್ಟಪಡುವ ಹುಡುಗರಿಗೆ ರುಡ್‌ಸೆಟ್, ಆರ್‌ಸೆಟಿ ಒಳ್ಳೆಯದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ಮಾದರಿ ಇದು, ಈಗ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳಿವೆ. ಊಟ ವಸತಿ ಸಹಿತ ತರಬೇತಿ ಉಚಿತ. ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ತರಬೇತಿ ಅವರ ಪಟ್ಟಿಯಲ್ಲಿ ಉಂಟು, ನಿಮ್ಮ ಜಿಲ್ಲೆಯಲ್ಲಿ ಯಾವಾಗ ನಡೆಯುತ್ತದೆ ಎಂದು ವಿಚಾರಿಸಿ. ಅಲ್ಲಿಂದ ಸಿಸಿಎನ್ಎ ಸಿಗುವುದಿಲ್ಲ, ಆದರೆ ಸಿಸಿ ಕ್ಯಾಮರಾ ಕೂರಿಸುವುದು, ಅಂಗಡಿಗೆ ವೈಫೈ ಹಾಕುವುದು ಬರುತ್ತದೆ. ಅಂಥ ಕೆಲಸದಲ್ಲಿ ಒಂದು ವರ್ಷ ಕಳೆದ ಮೇಲೆ ಬೂಟ್ ಕ್ಯಾಂಪಿನ ಮಾತು ಬೇರೆಯೇ ಆಗುತ್ತದೆ.

ಸಿಸಿಎನ್ಎ ಆದ ತಕ್ಷಣ ಸಿಗುವ ಕೆಲಸ ಯಾವುದು ಎಂಬುದನ್ನೂ ಹೇಳಿಬಿಡುತ್ತೇವೆ. ಪರದೆಯ ಮುಂದೆ ಕೂತು ಎಲ್ಲಿ ಲೈನ್ ಕಡಿದಿದೆ ಎಂದು ನೋಡುವ ಕೆಲಸ, ಫೋನಿನಲ್ಲಿ ದೂರು ಕೇಳುವ ಕೆಲಸ, ಊರೂರಿಗೆ ಹೋಗಿ ಯಂತ್ರ ಬದಲಿಸುವ ಕೆಲಸ. ರಾತ್ರಿ ಪಾಳಿ ಇರುತ್ತದೆ. ಹೆಣ್ಣುಮಕ್ಕಳಿಗೆ ರಾತ್ರಿ ವಾಹನದ ವ್ಯವಸ್ಥೆ ಇದೆಯೇ ಎಂದು ಕೇಳಬೇಕು. ಅನೇಕ ಕಂಪನಿಗಳು ಸರ್ಟಿಫಿಕೇಟಿನ ಜೊತೆಗೆ ಪದವಿಯನ್ನೂ ಕೇಳುತ್ತವೆ. ಆದ್ದರಿಂದ ಪದವಿ ಅರ್ಧಕ್ಕೆ ಬಿಡಿಸಿ ಬೂಟ್ ಕ್ಯಾಂಪಿಗೆ ಕಳುಹಿಸುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ.

ಸಂಘ ಏನು ಮಾಡಬಹುದು

ಬೇಡಿಕೆ ಬಂದಾಗ ಮಗನನ್ನೋ ಮಗಳನ್ನೋ ಸಭೆಗೆ ಕರೆಯಿರಿ. ಪರೀಕ್ಷೆ ಮಾಡಲು ಅಲ್ಲ, ಮಾತಾಡಲು. ಇಷ್ಟರವರೆಗೆ ಏನು ಕಲಿತಿದ್ದಿ, ಪ್ಯಾಕೆಟ್ ಟ್ರೇಸರಿನಲ್ಲಿ ಏನು ಮಾಡಿದ್ದಿ, ತೋರಿಸು ಎನ್ನಿ. ಮೇಲೆ ಹೇಳಿದ 64ರ ಲೆಕ್ಕ ಕೇಳಿ. ತಡವರಿಸದೆ ಹೇಳಿದರೆ ಆ ಮಗುವಿಗೆ ಅಡಿಪಾಯ ಇದೆ. ಕೇಳಿಯೇ ಇಲ್ಲ ಎಂದರೆ ಇನ್ನೂ ಸಮಯ ಆಗಿಲ್ಲ.

ಪೂರ್ತಿ ಮೊತ್ತವನ್ನು ಒಂದೇ ಸಲ ಕೊಡುವ ಬದಲು ಕಂತಿನಲ್ಲಿ ಕೊಡುವುದು ನಮಗೆ ಸರಿ ಕಾಣುತ್ತದೆ. ಮೊದಲು ಹಳೆಯ ಲ್ಯಾಪ್‌ಟಾಪಿಗೆ ಸಣ್ಣ ಸಾಲ. ಮೂರು ನಾಲ್ಕು ತಿಂಗಳು ಉಚಿತ ಪಾಠ ಮುಗಿಸಲಿ. ಅಭ್ಯಾಸ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಒಳ್ಳೆಯ ಅಂಕ ಬಂದರೆ ಎರಡನೇ ಸಾಲ ಪರೀಕ್ಷೆ ಶುಲ್ಕಕ್ಕೆ. ಎಲ್ಲ ಓದಿಯೂ ಕೆಲವು ಭಾಗ ಬಿಗಿಯಾಗಿಯೇ ಉಳಿದರೆ, ಆಗ ಐದು ದಿನದ ಸಣ್ಣ ಶಿಬಿರಕ್ಕೆ ಕೊಡಬಹುದು. ಆ ಹೊತ್ತಿಗೆ ಏನು ಕೇಳಬೇಕು ಎಂದು ಅವಳಿಗೆ ಗೊತ್ತಿರುತ್ತದೆ. ಶಿಬಿರ ಆರಿಸುವಾಗ ಒಂದು ದಿನ ಉಚಿತವಾಗಿ ಕೂತು ನೋಡಲು ಬಿಡುತ್ತಾರಾ, ಒಂದು ಬ್ಯಾಚಿಗೆ ಎಷ್ಟು ಜನ, ಬಿಟ್ಟರೆ ಹಣ ವಾಪಸ್ ಉಂಟಾ ಎಂದು ಕೇಳಿ, ಸಾಧ್ಯವಾದರೆ ಅಲ್ಲಿ ಕಲಿತ ಇಬ್ಬರು ಮಕ್ಕಳ ಜೊತೆ ಫೋನಿನಲ್ಲಿ ಮಾತಾಡಿ.

ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು, ಆದರೆ ಹಳ್ಳಿಯಲ್ಲಿ ಬೇಡ. ಕ್ಯಾಮರಾದ ಮುಂದೆ ಖಾಲಿ ಕೋಣೆಯಲ್ಲಿ ಒಬ್ಬರೇ ಕೂರಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ, ಅಜ್ಜಿ ಬಾಗಿಲು ತೆರೆದು ಒಳಗೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಬಹುದು. ನಗರದ ಪರೀಕ್ಷಾ ಕೇಂದ್ರಕ್ಕೇ ಹೋಗಲಿ. ನೋಂದಣಿಯನ್ನು ಸಂಸ್ಥೆಯವರ ಇಮೇಲಿನಲ್ಲಿ ಮಾಡಿಸದೆ ಮಗಳ ಸ್ವಂತ ಇಮೇಲಿನಲ್ಲಿಯೇ ಮಾಡಿಸಿ. ಹೆಸರು ಸರ್ಕಾರಿ ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು, ಅಂಕಪಟ್ಟಿಯಲ್ಲಿ ಒಂದು, ಚೀಟಿಯಲ್ಲಿ ಇನ್ನೊಂದು ಇದ್ದರೆ ಮೊದಲೇ ಸರಿಪಡಿಸಿ. ಶುಲ್ಕದ ರಶೀದಿಯ ಒಂದು ಪ್ರತಿಯನ್ನು ಸಂಘದ ಸಾಲದ ಫೈಲಿನಲ್ಲಿ ಇಡಿ.